ಹೆಗಲಿಗೆ ನೊಗ ಬೀಳೋ ಮೊದಲಿನ ಒಂದು ತಿಂಗಳು

ಮೈಲಾರ ಜಾತ್ರೆಗೆ ಬಂಡಿ ಕಟ್ಟಬೇಕು ಅಂತ ಹೊಸ ಹೋರಿ ತಂದು, ಎಂಟೇ ದಿನಕ್ಕೆ ನೊಗಕ್ಕೆ ಹೂಡೋ ಗೆಳೆಯರು ನಮ್ಮ ಕಡೆ ಕಡಿಮೆ ಇಲ್ಲ. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಎಲ್ಲಾ ಕಡೆ ಇದೇ ಅವಸರ. ಬಂಡಿ ಓಡೋ ವಿಡಿಯೊ ಮೊಬೈಲಲ್ಲಿ ಚೆನ್ನಾಗಿ ಕಾಣುತ್ತೆ. ಹೋರಿಯ ಹೆಗಲು ಅದರಲ್ಲಿ ಕಾಣಲ್ಲ.

ನಾನೂ ಈ ತಪ್ಪು ಮಾಡಿದವನೇ. ತೋಟಗಾರಿಕೆ ಪದವಿ ಮುಗಿಸಿ ಸಾವಯವಕ್ಕೆ ಇಳಿದ ಮೊದಲ ವರ್ಷ, ಶೇಂಗಾದಲ್ಲಿ ಎಡೆಕುಂಟೆ ಹೊಡೆಯೋಕೆ ಎರಡು ಹಲ್ಲಿನ ಜೋಡಿ ತಂದೆ. ಎರಡು ಹಲ್ಲು ಅಂದ್ರೆ ಸುಮಾರು ಎರಡು, ಎರಡೂವರೆ ವರ್ಷ, ಇನ್ನೂ ಎಳೇದು. ಮೂರನೇ ದಿನಕ್ಕೇ ಕುಂಟೆಗೆ ಹೂಡಿದೆ. ಹತ್ತು ದಿನದಲ್ಲಿ ಒಂದರ ಹೆಗಲು ಬಾತು, ಚರ್ಮ ಸುಲಿದು ಹುಣ್ಣಾಯ್ತು. ಅದು ಮಾಯೋಷ್ಟರಲ್ಲಿ ಕಳೆ ಶೇಂಗಾನ ಮುಚ್ಚಿತ್ತು, ಬಾಡಿಗೆ ಎತ್ತು ತರಬೇಕಾಯ್ತು. ಹುಣ್ಣು ಮಾಯ್ದ ಮೇಲೂ ನೊಗ ಕಂಡರೆ ಹೋರಿ ಹಿಂದೆ ಸರಿಯೋದು.

ಪಕ್ಕದ ಹೊಲದ ಅಜ್ಜ ನೋಡಿ, "ಹೆಗಲು ಆಮ್ಯಾಲೆ ತಮ್ಮಾ, ಮೊದ್ಲು ಕಿವಿ ಪಳಗ್ಲಿ" ಅಂದ್ರು. ಮತ್ತೆ ಮೊದಲಿಂದ ಶುರು ಮಾಡಿದೆ. ಮೊದಲ ವಾರ ನೊಗದ ಸುದ್ದಿಯೇ ಇಲ್ಲ. ಬೆಳಿಗ್ಗೆ ಸಂಜೆ ಮೈ ತಿಕ್ಕೋದು, ಹೆಗಲು, ಕಾಲು ಮುಟ್ಟೋದು, ಹಗ್ಗ ಹಿಡಿದು ಪಕ್ಕದಲ್ಲಿ ನಡೆಸೋದು. "ಹೋ" ಅಂದಾಗ ನಿಂತರೆ ತಕ್ಷಣ ಹಗ್ಗ ಸಡಿಲ. ಹೋರಿ ಕಲಿಯೋದು ಆ ಸಡಿಲದಿಂದ, ಎಳೆತದಿಂದಲ್ಲ. ಕುದುರೆ ಪಳಗಿಸೋರೂ ಹಿಂಗೇ: ಮೊದಲು ನೆಲದ ಮೇಲೆ ನಡೆಸಿ, ಆಮೇಲೆ ಬರೀ ಜೀನು ಹೊರಿಸಿ, ಸವಾರ ಹತ್ತೋದು ಕೊನೆಗೆ.

ಎರಡನೇ ವಾರ ಖಾಲಿ ನೊಗ, ಜೊತೆಗೆ ಅಜ್ಜನ ಹಳೇ ಎತ್ತು. ಅರ್ಧ ಪಾಠ ಆ ಎತ್ತೇ ಹೇಳಿಕೊಡ್ತು. ಆಮೇಲೆ ಮಸಾರಿ ಹೊಲದಲ್ಲಿ ಹಗುರ ಕೊರಡು, ಕಾಲು ಗಂಟೆ ಸಾಕು. ಹಸಿ ಎರೆ ಹೊಲಕ್ಕೆ ಮಾತ್ರ ಇಳಿಸಬೇಡಿ. ಕುಂಟೆ ಕೊನೆಗೆ, ಲೋಡ್ ಬಂಡಿ ಇನ್ನೂ ಕೊನೆಗೆ, ನಾಲ್ಕು ಹಲ್ಲು ಬಂದ ಮೇಲೆ. ದಿನಾ ನೊಗ ಬಿಚ್ಚಿದ ತಕ್ಷಣ ಅಂಗೈಯಿಟ್ಟು ನೋಡಿ. ಹೆಗಲು ಊದಿದ್ರೆ, ಬಿಸಿ ಇದ್ರೆ ಮರುದಿನ ರಜೆ.

ಕಾನೂನೂ ಇದೆ. ಕೇಂದ್ರದ 1965ರ ನಿಯಮದ ಪ್ರಕಾರ ದಿನಕ್ಕೆ 9 ಗಂಟೆ ಮೀರಿ, ಬಿಡುವಿಲ್ಲದೆ 5 ಗಂಟೆ ಮೀರಿ ಎತ್ತು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಬೇಸಿಗೆಯಲ್ಲಿ 37 ದಾಟದ ದಿನ ಎಷ್ಟಿರ್ತಾವೆ, ನೀವೇ ಹೇಳಿ! ಇದು ಬಲಿತ ಎತ್ತಿನ ಲೆಕ್ಕ; ಎಳೇ ಹೋರಿಗೆ ಅದರಲ್ಲಿ ಕಾಲುಭಾಗವೂ ಜಾಸ್ತಿನೇ.

ಟ್ರ್ಯಾಕ್ಟರ್ ಐತಲ್ಲ, ಇಷ್ಟೆಲ್ಲಾ ಯಾಕೆ ಅಂತೀರಿ. ಬೆಳೆ ನಿಂತ ಸಾಲಿನ ಮಧ್ಯೆ ನನಗೆ ಎತ್ತೇ ಬೇಕು, ಸಗಣಿನೂ ಬೇಕು. ಮುಂಗಾರಿಗೆ ಕೆಲಸಕ್ಕೆ ಬರಬೇಕು ಅಂದ್ರೆ ಹೋರಿ ಯುಗಾದಿಗೇ ಮನೆಗೆ ಬರಲಿ. "ಪಳಗಿದ ಹೋರಿ" ಅಂತ ಮಾರೋರು ಹೇಳಿದ್ರೆ, ಹಗ್ಗ ಬಿಟ್ಟು "ಹೋ" ಅಂದು ನಿಲ್ಲಿಸಿ ತೋರಿಸಿ ಅನ್ನಿ, ಆಮೇಲೆ ರೇಟು ಮಾತಾಡಿ.