ಜೀಪಿಗೆ ದೊಡ್ಡ ಟೈರು ಹಾಕಿಸುವ ಮುಂಚೆ ಈ ಲೆಕ್ಕ ನೋಡಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈಗ ಜಾತ್ರೆಯಿರಲಿ, ಮದುವೆ ಮೆರವಣಿಗೆಯಿರಲಿ, ಒಂದಾದರೂ ಥಾರ್ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕೆಲವು ಕಂಪನಿಯಿಂದ ಬಂದ ಹಾಗೆ ಇರುವುದಿಲ್ಲ. ಸ್ಪ್ರಿಂಗ್ ಬದಲಾಯಿಸಿ ಬಾಡಿ ಎತ್ತರಿಸಿರುತ್ತಾರೆ, ಮಡ್‌ಗಾರ್ಡ್ ದಾಟಿ ಆಚೆ ಬರುವಂಥ ಟೈರು ಹಾಕಿರುತ್ತಾರೆ. ನೋಡಲು ಗತ್ತು ಇದೆ, ಇಲ್ಲ ಅನ್ನುವುದಿಲ್ಲ. ದುಡಿದ ದುಡ್ಡಲ್ಲಿ ಹುಡುಗರು ಆಸೆ ಪಟ್ಟರೆ ತಪ್ಪೂ ಅಲ್ಲ. ಆದರೆ ಇದರಿಂದ ಸಿಗುವುದು ಎಷ್ಟು, ಹೋಗುವುದು ಎಷ್ಟು ಅನ್ನುವ ಲೆಕ್ಕವನ್ನು ಟೈರು ಮಾರುವವರು ಹೇಳುವುದಿಲ್ಲ. ಅದಕ್ಕೆ ನಾವು ಹೇಳುತ್ತಿದ್ದೇವೆ.

ಮೊದಲು ಸಿಗುವುದನ್ನು ನೋಡೋಣ. ಥಾರ್‌ನ ಒಂದು ಮಾದರಿಗೆ ಕಂಪನಿ ಕೊಡುವ ಟೈರಿನ ಪಕ್ಕದಲ್ಲಿ 255/65 ಆರ್ 18 ಎಂದು ಬರೆದಿರುತ್ತದೆ. ಅಗಲ 255 ಮಿಲಿಮೀಟರ್, ಟೈರಿನ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು, ರಿಮ್ 18 ಇಂಚು ಎಂದು ಅರ್ಥ. ಕೂಡಿಸಿದರೆ ಟೈರಿನ ಪೂರ್ತಿ ಎತ್ತರ ಸುಮಾರು 31 ಇಂಚು. ಇದನ್ನು ತೆಗೆದು 33 ಇಂಚಿನದು ಹಾಕಿಸಿದಿರಿ ಎಂದುಕೊಳ್ಳಿ. ಎರಡು ಇಂಚು ಹೆಚ್ಚಾಯಿತು. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ. ಹಾಗಾಗಿ ಅದರ ಕೆಳಗೆ ಸಿಗುವ ಜಾಗ ಬರೀ ಒಂದು ಇಂಚು. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ತಗಲುವುದು ಅದೇ. ಟೈರು, ರಿಮ್, ಲಿಫ್ಟ್ ಕಿಟ್ ಎಲ್ಲ ಸೇರಿ ಖರ್ಚು ಲಕ್ಷದ ಹತ್ತಿರ, ಕೆಲವೊಮ್ಮೆ ಅದನ್ನೂ ದಾಟುತ್ತದೆ. ಅಲ್ಲಿಗೆ ಆಕ್ಸಲ್ ಕೆಳಗಿನ ಆ ಒಂದು ಇಂಚಿನ ಬೆಲೆ ಅಷ್ಟು.

ಇನ್ನು ಕಳೆದುಕೊಳ್ಳುವುದು.

ಒಂದು, ಬ್ರೇಕು. ನಮ್ಮ ಹಳೆಯ ಆಲೆಮನೆಗಳಲ್ಲಿ ಗಾಣಕ್ಕೆ ಎತ್ತು ಕಟ್ಟುವ ಮರ ಉದ್ದ ಇದ್ದಷ್ಟೂ ಎತ್ತಿಗೆ ಗಾಣ ತಿರುಗಿಸುವುದು ಹಗುರ. ಚಕ್ರದಲ್ಲೂ ಅದೇ ಲೆಕ್ಕ. ಚಕ್ರ ದೊಡ್ಡದಾದಷ್ಟೂ ರಸ್ತೆಯ ಕೈ ಮೇಲಾಗುತ್ತದೆ, ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಟೈರಿನ ತೂಕ ಬೇರೆ ಹೆಚ್ಚಾಗಿರುತ್ತದೆ. ಗಾಡಿ ನಿಲ್ಲಿಸಲು ಪೆಡಲು ಇನ್ನೂ ಜೋರಾಗಿ ಒತ್ತಬೇಕು.

ಎರಡು, ಸ್ಪೀಡು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. 31ರಿಂದ 33 ಇಂಚಿಗೆ ಹೋದರೆ ಗಾಡಿ ಮೀಟರ್ ತೋರಿಸುವುದಕ್ಕಿಂತ ಶೇ 6ರಷ್ಟು ಹೆಚ್ಚು ಓಡುತ್ತದೆ. ಮೊದಲು 80 ಇದ್ದ ಜಾಗದಲ್ಲಿ ಈಗ ಸುಮಾರು 85. ಅಂದರೆ ಬ್ರೇಕ್ ಕಮ್ಮಿ, ಸ್ಪೀಡು ಜಾಸ್ತಿ, ಎರಡೂ ಒಟ್ಟಿಗೆ.

ಮೂರು, ತೂಗು. ತಲೆಮೇಲೆ ಕಬ್ಬು ತುಂಬಿಕೊಂಡ ಟ್ರೈಲರ್ ತಿರುವಿನಲ್ಲಿ ಯಾಕೆ ಮಗುಚುತ್ತದೆ ಎಂದು ಕೊಪ್ಪ, ಕೆ.ಎಂ. ದೊಡ್ಡಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರ ಮೇಲೆ ಹೋದಷ್ಟೂ ಗಾಡಿ ವಾಲುವುದು ಸುಲಭ. ಜೀಪಿನ ಬಾಡಿ ಎತ್ತರಿಸಿದರೂ ಆಗುವುದು ಅದೇ. ಎದುರಿಗೆ ನಾಯಿ ಬಂತೆಂದು ಒಮ್ಮೆಲೇ ಸ್ಟೇರಿಂಗ್ ಎಳೆದಾಗ ಅದು ಗೊತ್ತಾಗುತ್ತದೆ, ಆಗ ಸಮಯ ಇರುವುದಿಲ್ಲ.

ಇದರ ಜೊತೆಗೆ ಮೈಲೇಜ್ ಇಳಿಯುತ್ತದೆ, ಬೇರಿಂಗ್, ಬಾಲ್ ಜಾಯಿಂಟ್ ಬೇಗ ಸವೆಯುತ್ತವೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜಬಹುದು.

ಈ ಗಾಡಿ ಓಡುವುದು ಎಲ್ಲಿ? ನಮ್ಮ ನಾಲೆ ಏರಿಗಳ ಮೇಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆ ಮಕ್ಕಳಿದ್ದರು. ಆಮೇಲೆಯೂ ಕಾರುಗಳು ನಾಲೆಗೆ ಬಿದ್ದಿವೆ. ಅವಕ್ಕೂ ದೊಡ್ಡ ಟೈರಿಗೂ ಸಂಬಂಧ ಕಟ್ಟುತ್ತಿಲ್ಲ. ನಮ್ಮ ರಸ್ತೆ ಎಂಥದ್ದು ಎಂದು ನೆನಪಿಸುತ್ತಿದ್ದೇವೆ ಅಷ್ಟೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ, ಎದುರಿಗೆ ಹಿಂದಿನ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್. ಇಂಥ ಕಡೆ ಬ್ರೇಕು, ತೂಗು ಎರಡನ್ನೂ ನಾವಾಗಿಯೇ ಕಮ್ಮಿ ಮಾಡಿಕೊಳ್ಳುವುದು ಯಾವ ಜಾಣತನ?

ರಸ್ತೆ ಬಿಟ್ಟು ಓಡುವ ಚಕ್ರ ನಮ್ಮ ರೈತರಿಗೆ ಹೊಸದಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಕೆಸರಲ್ಲಿ ಅದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಅದನ್ನೇ ಹಾಕಿಕೊಂಡು ಡಾಂಬರು ರಸ್ತೆಗೆ ಬಂದರೆ ಊರವರೇ ತಡೆದು ಕೇಳುತ್ತಾರೆ. ತಿಳಿದವರು ಬದುವಿನ ಹತ್ತಿರವೇ ಬಿಚ್ಚಿಡುತ್ತಾರೆ. ಗದ್ದೆಯ ಚಕ್ರ ಗದ್ದೆಗೆ, ರಸ್ತೆಯ ಚಕ್ರ ರಸ್ತೆಗೆ. ಟ್ರ್ಯಾಕ್ಟರಿಗೆ ನಾವು ಒಪ್ಪಿದ ಈ ಮಾತು ಜೀಪಿಗೆ ಯಾಕೆ ಬೇಡ?

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಗೊತ್ತುಮಾಡಿದ, ಆರ್‌ಸಿಯಲ್ಲಿ ದಾಖಲಾದ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಕಾನೂನು ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದಕ್ಕಿಂತ ದೊಡ್ಡ ಪೆಟ್ಟು ವಿಮೆಯಲ್ಲಿ ಕಾದಿರುತ್ತದೆ. ಹೇಳದೆ ಮಾಡಿಸಿದ ಬದಲಾವಣೆ ಕ್ಲೇಮ್ ಹೊತ್ತಿಗೆ ತಕರಾರಾಗಿ ಎದ್ದು ಬರುತ್ತದೆ. ಆಗ ಸಾಲ ತೀರಿಸುವವರು ಮನೆಯವರು.

"ಓವರ್‌ಲೋಡ್ ಟ್ರ್ಯಾಕ್ಟರ್ ಬಿಟ್ಟು ನಮ್ಮ ಮೇಲೆ ಯಾಕೆ?" ಎಂದು ಹುಡುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟ್ರೈಲರಿಗೆ ಹಿಂದೆ ಲೈಟು, ರಿಫ್ಲೆಕ್ಟರ್ ಇರಲೇಬೇಕು, ನಾಲೆಗೆ ತಡೆಗೋಡೆ ಬೇಕು. ಅದಕ್ಕೂ ನಾವು ದನಿ ಎತ್ತುತ್ತೇವೆ. ಆದರೆ ಒಬ್ಬರ ತಪ್ಪು ಇನ್ನೊಬ್ಬರ ತಪ್ಪಿಗೆ ಲೈಸೆನ್ಸ್ ಆಗುವುದಿಲ್ಲ.

ಹಾಗಂತ ಕೆಸರು ದಾರಿಯ ಆಸೆ ಬಿಡಿ ಎನ್ನುತ್ತಿಲ್ಲ. ಹಳೆಯ ವಿಲ್ಲೀಸ್ ಜೀಪಿನ ಟೈರಿನ ಅಗಲ ಆರೇ ಇಂಚು, ಬೆಟ್ಟ ಗುಡ್ಡ ಹತ್ತಲು ಅಷ್ಟು ಸಾಕಾಗಿತ್ತು. ಕಂಪನಿಯ ಅಳತೆಯಲ್ಲೇ ಆಲ್ ಟೆರೇನ್ ಟೈರು ಸಿಗುತ್ತವೆ. ಮೆತ್ತನೆ ನೆಲದಲ್ಲಿ ಸ್ವಲ್ಪ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ರಸ್ತೆಗೆ ಬರುವ ಮುಂಚೆ ಮತ್ತೆ ತುಂಬಿಸಲೇಬೇಕು. ಇನ್ನೊಂದು ಮಾತು, ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದೊಳಗೆ. ಅಲ್ಲಿ ದಾರಿ ಬಿಟ್ಟು ಜೀಪು ನುಗ್ಗಿಸುವುದು ಆಟವಲ್ಲ.

ಈಗಾಗಲೇ ಹಾಕಿಸಿದ್ದರೆ ಹಳೆಯ ಟೈರು ಮಾರಬೇಡಿ, ವಾಪಸ್ ಹಾಕಿಸಿ. ಸರಿಯಾದ ಅಳತೆ, ಗಾಳಿ ಎಷ್ಟು ಎನ್ನುವುದು ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಅಲ್ಲಿವರೆಗೆ ಫೋನಿನ ಜಿಪಿಎಸ್‌ನಲ್ಲಿ ನಿಜವಾದ ಸ್ಪೀಡು ನೋಡಿ, ಬ್ರೇಕ್ ತೋರಿಸಿ, ಮುಂದಿನ ಗಾಡಿಗೆ ಇನ್ನಷ್ಟು ಅಂತರ ಬಿಡಿ.

ಆರ್‌ಟಿಒ ಅಧಿಕಾರಿಗಳಿಗೂ ಒಂದು ಮಾತು. ರಸ್ತೆಯಲ್ಲಿ ಹುಡುಗನನ್ನು ಹಿಡಿದು ದಂಡ ಹಾಕುವುದರ ಜೊತೆಗೆ ಲಿಫ್ಟ್ ಕಿಟ್ ಜೋಡಿಸಿಕೊಡುವ ಅಂಗಡಿಗಳಿಗೂ ಹೋಗಿ. "ಇದು ಆರ್‌ಸಿಗೆ ವಿರುದ್ಧ, ವಿಮೆಗೆ ತೊಂದರೆ" ಎಂದು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಗಿರಾಕಿಗೆ ಹೇಳುವ ಹಾಗೆ ಮಾಡಿ. ಅಂಗಡಿ ಬಾಗಿಲಿಗೆ ಅದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ ಹಾಕಿಸಿದರೂ ಅರ್ಧ ಕೆಲಸ ಆದಂತೆ.