ಮನೆಯೊಳಗಿನ ಕೀಟಕ್ಕೆ ಮದ್ದು ಡಬ್ಬಿಯಲ್ಲಿಲ್ಲ

ಅಮೆರಿಕದ ಪೂರ್ವ ಭಾಗದ ರಾಜ್ಯಗಳಲ್ಲಿ ಸೆಪ್ಟೆಂಬರ್ ಕಳೆದು ಚಳಿ ಅಡಿಯಿಡುತ್ತಿದ್ದಂತೆ ಕಂದು ಬಣ್ಣದ ಕೀಟವೊಂದು ಹಿಂಡುಹಿಂಡಾಗಿ ಮನೆಗಳತ್ತ ಮುಖ ಮಾಡುತ್ತದೆ. ಕಿಟಕಿಯ ಸಂದು, ಬಾಗಿಲ ಅಡಿ, ಛಾವಣಿಯ ಬಿರುಕು ಯಾವುದಾದರೂ ಸರಿ, ಒಳನುಸುಳಿ ಅಟ್ಟದಲ್ಲೋ ಪರದೆಯ ಮಡಿಕೆಯಲ್ಲೋ ಚಳಿಗಾಲ ಕಳೆಯುತ್ತದೆ. ಹೊಸಕಿದರೆ ಕೋಣೆಯೆಲ್ಲ ನಾತ. ಮೇರಿಲ್ಯಾಂಡ್ ರಾಜ್ಯದ ಒಂದೇ ಒಂದು ಮನೆಯಲ್ಲಿ 2011ರ ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳಲ್ಲಿ ಹಿಡಿದು ಎಣಿಸಿದ ಕೀಟಗಳ ಸಂಖ್ಯೆ 26,205!

ಇದರ ಹೆಸರು ಬ್ರೌನ್ ಮಾರ್ಮೊರೇಟೆಡ್ ಸ್ಟಿಂಕ್ ಬಗ್. ಕನ್ನಡದಲ್ಲಿ ನಾರುವ ತಿಗಣೆ ಎನ್ನಬಹುದು. ಆದರೆ ಇದು ಹಾಸಿಗೆಯಲ್ಲಿ ಅಡಗಿ ರಕ್ತ ಹೀರುವ ತಿಗಣೆಯಲ್ಲ. ಗುರಾಣಿಯಾಕಾರದ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಈ ಕೀಟ ಗಿಡಗಳ ರಸ ಹೀರಿ ಬದುಕುತ್ತದೆ. ಭತ್ತದ ಗದ್ದೆಯ ತೆನೆ ತಿಗಣೆಯ ವಾಸನೆ ಬಲ್ಲ ಕರ್ನಾಟಕದ ರೈತರಿಗೆ ಇದರ ಸ್ವಭಾವ ಹೊಸದೇನಲ್ಲ. ಅಡಕೆಯ ಎಳೆಗಾಯಿ ಉದುರಲು ಕಾರಣವಾಗುವ ತಿಗಣೆಯೂ ಇದೇ ಕುಲಕ್ಕೆ ಸೇರಿದ್ದು. ಸ್ವಾರಸ್ಯದ ಸಂಗತಿಯೆಂದರೆ, ಅದರ ನಾತಕ್ಕೆ ಕಾರಣವಾದ ರಾಸಾಯನಿಕಗಳಲ್ಲಿ ಕೆಲವು ಕೊತ್ತಂಬರಿ ಸೊಪ್ಪಿನ ಪರಿಮಳದಲ್ಲೂ ಇವೆ.

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಇದು ಪರಿಚಿತ ಅತಿಥಿ. ಆದರೆ ಈ ಅತಿಥಿಯನ್ನು ಕರೆದವರು ಯಾರು? ಓಡಿಸುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳಿಗೆ ಕಳೆದ ಮೂರು ದಶಕಗಳಲ್ಲಿ ಸಿಕ್ಕಿರುವ ಉತ್ತರಗಳು ನಮಗೂ ಪಾಠವಾಗಬಲ್ಲವು.

ಸರಕಿನೊಡನೆ ಬಂದ ಶತ್ರು

ನಾರುವ ತಿಗಣೆಯ ತವರು ಚೀನಾ, ಜಪಾನ್, ಕೊರಿಯಾ ಹಾಗೂ ತೈವಾನ್. ಅಮೆರಿಕದಲ್ಲಿ ಇದು ಮೊದಲು ಸಿಕ್ಕಿದ್ದು 1996ರಲ್ಲಿ, ಪೆನ್ಸಿಲ್ವೇನಿಯಾದ ಆಲೆನ್‌ಟೌನ್ ಪಟ್ಟಣದಲ್ಲಿ. ಸ್ಥಳೀಯ ಕೀಟವಿರಬೇಕೆಂಬ ಭಾವನೆಯೇ ಕೆಲ ವರ್ಷ ಉಳಿಯಿತು. ಇದು ಏಷ್ಯಾದ ಕೀಟವೆಂಬುದು ಖಚಿತವಾದದ್ದು 2001ರಲ್ಲಿ. ಅಷ್ಟರಲ್ಲಿ ಅದು ಬೇರೂರಿಯಾಗಿತ್ತು. ಹಡಗಿನ ಸರಕಿನೊಳಗೆ ಅಡಗಿ ಬಂದಿರಬೇಕೆಂಬುದು ತಜ್ಞರ ಅಭಿಮತ. ಇದರ ಮೂಲ ಬೀಜಿಂಗ್ ಪ್ರದೇಶವೆಂದು ವಂಶವಾಹಿ ಅಧ್ಯಯನಗಳು ಸೂಚಿಸಿವೆ.

ನಿಜವಾದ ಪೆಟ್ಟು ಬಿದ್ದದ್ದು 2010ರಲ್ಲಿ. ಆ ಒಂದೇ ವರ್ಷ ಮಧ್ಯ ಅಟ್ಲಾಂಟಿಕ್ ರಾಜ್ಯಗಳ ಸೇಬು ಬೆಳೆಗಾರರಿಗೆ ಆದ ನಷ್ಟ 3 ಕೋಟಿ 70 ಲಕ್ಷ ಡಾಲರ್. ಬೆಳೆ ಉಳಿಸಿಕೊಳ್ಳಲು ರೈತರು ಕಂಡ ಕಂಡ ಕೀಟನಾಶಕಗಳನ್ನು ಮತ್ತೆ ಮತ್ತೆ ಸಿಂಪಡಿಸಿದರು. ಫಲಿತಾಂಶ? ತಿಗಣೆಗಳೊಡನೆ ರೈತನ ಮಿತ್ರ ಕೀಟಗಳೂ ಸತ್ತವು. ಅಲ್ಲಿಯವರೆಗೆ ಹತೋಟಿಯಲ್ಲಿದ್ದ ನುಸಿ, ಹೇನುಗಳು ತಲೆಯೆತ್ತಿದವು. ಒಂದು ಪೀಡೆಯ ಬದಲು ಮೂರು ಪೀಡೆ ಎಂಬಂತಾಯಿತು.

ಇಟಲಿಯ ಮೊಡೆನಾ ಪ್ರಾಂತದಲ್ಲಿ ಇದು 2012ರಲ್ಲಿ ಪತ್ತೆಯಾಯಿತು. ಏಳೇ ವರ್ಷದಲ್ಲಿ, ಅಂದರೆ 2019ರಲ್ಲಿ, ಉತ್ತರ ಇಟಲಿಯ ಹಣ್ಣಿನ ತೋಟಗಳಿಗೆ ಆದ ಹಾನಿಯನ್ನು ಸುಮಾರು 58 ಕೋಟಿ 80 ಲಕ್ಷ ಯೂರೊ ಎಂದು ಅಂದಾಜಿಸಲಾಯಿತು.

ವಿಷದಿಂದ ಸತ್ತದ್ದು ಯಾರು?

ಮನೆಯೊಳಗೆ ನೂರಾರು ಕೀಟ ಕಂಡಾಗ ವಿಷದ ಡಬ್ಬಿಯತ್ತ ಕೈ ಹೋಗುವುದು ಸಹಜ. ಆದರೆ ನಾರುವ ತಿಗಣೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ವ್ಯರ್ಥ. ಇದು ಕಚ್ಚುವುದಿಲ್ಲ, ಮನೆಯೊಳಗೆ ಮೊಟ್ಟೆಯಿಡುವುದಿಲ್ಲ, ಮರಮಟ್ಟು ಕೊರೆಯುವುದಿಲ್ಲ. ಗೋಡೆಯ ಟೊಳ್ಳಿನಲ್ಲಿ ಅಡಗಿದ ಕೀಟಗಳನ್ನು ವಿಷವಿಟ್ಟು ಕೊಂದರೆ ಆ ಹೆಣಗಳನ್ನು ತಿನ್ನಲು ಬೇರೊಂದು ಜಾತಿಯ ದುಂಬಿಗಳು ಬರುತ್ತವೆ. ಅವು ಮುಂದೆ ಉಣ್ಣೆಯ ಬಟ್ಟೆಗಳಿಗೂ ಬಾಯಿ ಹಾಕುತ್ತವೆ. ಆದ್ದರಿಂದಲೇ ಅಮೆರಿಕದ ಕೃಷಿ ವಿಸ್ತರಣಾ ತಜ್ಞರು ಈ ಕ್ರಮವನ್ನು ಒಪ್ಪುವುದಿಲ್ಲ.

ಅವರು ಹೇಳುವ ಮದ್ದು ತೀರಾ ಸರಳ. ಚಳಿಗೆ ಮುನ್ನ ಬಿರುಕುಗಳನ್ನು ಮುಚ್ಚಬೇಕು, ಕಿಟಕಿ ಮತ್ತು ಗಾಳಿಗಂಡಿಗಳಿಗೆ ಜಾಲರಿ ಹಾಕಬೇಕು. ಒಳಬಂದವನ್ನು ಸೋಪಿನ ನೀರಿಗೆ ಬೀಳಿಸಬೇಕು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವಿವಿಧ ಬಲೆಗಳನ್ನು ಪರೀಕ್ಷೆಗೊಡ್ಡಿದರು. ಅಗಲವಾದ ತಟ್ಟೆಯಲ್ಲಿ ಸೋಪಿನ ನೀರು ತುಂಬಿ ಮೇಲೊಂದು ದೀಪ ಹಚ್ಚಿಟ್ಟರೆ, ಅಂಗಡಿಯಲ್ಲಿ ಮಾರುವ ದುಬಾರಿ ಬಲೆಗಳಿಗಿಂತ 14 ಪಟ್ಟು ಹೆಚ್ಚು ಕೀಟಗಳು ಬೀಳುತ್ತವೆ ಎಂಬುದು ಅವರು ಕಂಡ ಸತ್ಯ.

ಇದನ್ನು ಬರಿಯ ಮನೆವಾರ್ತೆಯ ಸಲಹೆ ಎಂದು ತಳ್ಳಿಹಾಕುವಂತಿಲ್ಲ. ಮನೆಯೊಳಗಿನ ವಿಷ ಕೀಟಕ್ಕಿಂತ ಮೊದಲು ಮನುಷ್ಯನನ್ನು ಕಾಡಿದ ನಿದರ್ಶನಗಳಿವೆ. ಹಾಸಿಗೆ ತಿಗಣೆಯ ನಿವಾರಣೆಗೆ ಬಳಸಿದ ಕೀಟನಾಶಕಗಳಿಂದ 2003ರಿಂದ 2010ರ ಅವಧಿಯಲ್ಲಿ ಏಳು ರಾಜ್ಯಗಳಲ್ಲಿ 111 ಮಂದಿ ಅಸ್ವಸ್ಥರಾದುದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಅವರಲ್ಲಿ ಒಬ್ಬರು ಮೃತಪಟ್ಟರು. ನಮ್ಮ ಬೆಂಗಳೂರಿನಲ್ಲೂ 2022ರ ಆಗಸ್ಟ್‌ನಲ್ಲಿ, ಕೀಟನಾಶಕ ಸಿಂಪಡಿಸಿದ್ದ ಬಾಡಿಗೆ ಮನೆಗೆ ಮರಳಿದ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಮನೆಗಳಲ್ಲಿ ಕೀಟ ನಿಯಂತ್ರಣ ಕೈಗೊಳ್ಳುವವರಿಗೆ ಪರವಾನಗಿ ಕಡ್ಡಾಯವೆಂಬ ನಿಯಮ ದೇಶದಲ್ಲಿದೆ. ಆದರೆ ಸಿಂಪಡಿಸಲು ಬಂದವನ ಬಳಿ ಆ ಕಾಗದ ಇದೆಯೇ, ಆತ ಬಳಸುವ ಔಷಧ ಯಾವುದು, ಎಷ್ಟು ಹೊತ್ತು ಮನೆಯಿಂದ ಹೊರಗಿರಬೇಕು ಎಂದು ವಿಚಾರಿಸುವವರು ಎಷ್ಟು ಜನ?

ಕಾವಲು ಬಂದರಿನಲ್ಲಿ

ಹಾಗಾದರೆ ಪರಿಹಾರವೆಲ್ಲಿದೆ? ನ್ಯೂಜಿಲೆಂಡ್ ಇದಕ್ಕೊಂದು ಉತ್ತರ ನೀಡಿದೆ. ಹಣ್ಣಿನ ರಫ್ತನ್ನು ನೆಚ್ಚಿಕೊಂಡ ಆ ದೇಶ 2018ರ ಫೆಬ್ರುವರಿಯಲ್ಲಿ, ಜಪಾನಿನಿಂದ ಕಾರುಗಳನ್ನು ಹೊತ್ತು ಬಂದ ಹಡಗುಗಳಲ್ಲಿ ಈ ತಿಗಣೆಗಳು ಕಂಡುಬಂದಾಗ, ಕಾರುಗಳನ್ನು ಇಳಿಸಲು ಬಿಡದೆ ಹಡಗುಗಳನ್ನೇ ಹಿಂದಕ್ಕೆ ಕಳುಹಿಸಿತು. ವ್ಯಾಪಾರಿಗಳು ಗೊಣಗಿದರು. ಸರ್ಕಾರ ಜಗ್ಗಲಿಲ್ಲ. ಆಸ್ಟ್ರೇಲಿಯಾ ಕೂಡ ಅಪಾಯವಿರುವ ದೇಶಗಳಿಂದ ಬರುವ ನಿರ್ದಿಷ್ಟ ಸರಕುಗಳಿಗೆ ಶಾಖ ಅಥವಾ ಧೂಮದ ಉಪಚಾರವನ್ನು ಕಡ್ಡಾಯ ಮಾಡಿದೆ.

ಕಾವಲು ತಪ್ಪಿ ಕೀಟ ಒಳಬಂದರೆ ಉಳಿಯುವ ಹಾದಿ ಅದರ ಸಹಜ ಶತ್ರುವಿನದು. ತವರಿನಲ್ಲಿ ನಾರುವ ತಿಗಣೆಯನ್ನು ಹದ್ದುಬಸ್ತಿನಲ್ಲಿಡುವುದು ಎಳ್ಳುಕಾಳಿಗಿಂತ ದೊಡ್ಡದಲ್ಲದ ಒಂದು ಕಣಜ. ಸಮುರಾಯ್ ಕಣಜವೆಂದೇ ಹೆಸರಾದ ಇದು ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಮರಿಯಾಗಿ ಹೊರಬರುವುದು ತಿಗಣೆಯಲ್ಲ, ಕಣಜ. ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದೊಳಗೆ ಬಂಧಿಸಿಟ್ಟು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದಾಗಲೇ, 2014ರಲ್ಲಿ ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್‌ನಲ್ಲಿ ಅದು ಬಯಲಿನಲ್ಲೇ ಕಾಣಿಸಿಕೊಂಡಿತು. ಪ್ರಯೋಗಾಲಯದಿಂದ ತಪ್ಪಿಸಿಕೊಂಡದ್ದಲ್ಲ, ತಿಗಣೆಯ ಹಾಗೆಯೇ ತಾನಾಗಿ ಬಂದಿತ್ತು! ಇಟಲಿ 2020ರಿಂದ ಇದನ್ನು ತೋಟಗಳಿಗೆ ಬಿಡತೊಡಗಿತು. ನ್ಯೂಜಿಲೆಂಡಂತೂ ತಿಗಣೆ ಇನ್ನೂ ನೆಲೆಯೂರದಿದ್ದಾಗಲೇ, 2018ರಲ್ಲಿ, ಅಗತ್ಯ ಬಿದ್ದರೆ ಕಣಜವನ್ನು ಬಳಸಲು ಷರತ್ತಿನ ಅನುಮತಿ ನೀಡಿ ಸಜ್ಜಾಯಿತು.

ಈ ಹಾದಿ ಕರ್ನಾಟಕಕ್ಕೆ ಅಪರಿಚಿತವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ವರದಿಯಾದ ಪಪ್ಪಾಯ ಹಿಟ್ಟು ತಿಗಣೆ ನೋಡನೋಡುತ್ತಲೇ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಕಾಡಿತು. ರೇಷ್ಮೆ ಹುಳುವಿಗೆ ತಿನ್ನಿಸುವ ಸೊಪ್ಪಿಗೆ ವಿಷ ಹೊಡೆಯುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ ಎಂಬ ಸಂಕಟ ಬೆಳೆಗಾರರದು. ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯ ಮೂಲಕ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರೋಪಜೀವಿ ಕಣಜಗಳನ್ನು ತರಿಸಿ ಬಿಡಲಾಯಿತು. ಕೀಟನಾಶಕಕ್ಕೆ ಬಗ್ಗದ ಪೀಡೆ ಈ ಕಣಜಗಳಿಗೆ ಬಗ್ಗಿತು. ಮರಗೆಣಸಿನ ಹಿಟ್ಟು ತಿಗಣೆ 2020ರಲ್ಲಿ ಕಾಣಿಸಿಕೊಂಡಾಗಲೂ ಆಫ್ರಿಕಾದ ಬೆನಿನ್‌ನಿಂದ ಕಣಜ ತರಿಸಿ ಅದೇ ಸಂಸ್ಥೆ ನೆರವಿಗೆ ಬಂತು.

ಇವೆರಡರಲ್ಲೂ ಗಮನಿಸಬೇಕಾದ ಅಂಶ ಒಂದೇ. ಕೀಟದ ವಿರುದ್ಧ ಗೆದ್ದದ್ದು ವಿಷದ ಪ್ರಮಾಣವಲ್ಲ, ಕೀಟದ ಬದುಕಿನ ಕುರಿತ ತಿಳಿವಳಿಕೆ. ಆದರೆ ಗೆಲುವಿಗೆ ಮುನ್ನ ರೈತ ಎರಡು ಮೂರು ಹಂಗಾಮು ಕಳೆದುಕೊಂಡಿದ್ದ ಎಂಬುದೂ ಅಷ್ಟೇ ನಿಜ. ಬಂದರು, ವಿಮಾನ ನಿಲ್ದಾಣಗಳ ಸಸ್ಯ ಸಂಗರೋಧ ಕೇಂದ್ರಗಳಿಗೆ ಸಾಕಷ್ಟು ಸಿಬ್ಬಂದಿ, ಕೀಟಗಳ ಗುರುತು ಹಿಡಿಯಬಲ್ಲ ತಜ್ಞರು, ಅವರಿಗೆ ಹಡಗನ್ನು ತಡೆಯುವ ಬಲ ಇದ್ದರೆ ಮಾತ್ರ ಆ ನಷ್ಟ ತಪ್ಪೀತು. ಆಲೆನ್‌ಟೌನ್‌ನಲ್ಲಿ ಸಿಕ್ಕ ಕೀಟವನ್ನು ಗುರುತಿಸಲು ಐದು ವರ್ಷ ಹಿಡಿಯಿತು. ಆ ಐದು ವರ್ಷಗಳ ಬೆಲೆಯನ್ನು ಸೇಬಿನ ತೋಟಗಳು ತೆತ್ತವು, ಮನೆಗಳು ಇಂದಿಗೂ ತೆರುತ್ತಿವೆ.