ಸಮ್ಮೇದ ಶಿಖರಜಿ: ಯಾತ್ರಾಸ್ಥಳವೋ, ಪ್ರವಾಸಿ ತಾಣವೋ?

ಜಾರ್ಖಂಡ್‌ನ ಗಿರಿಡಿಹ್ ಜಿಲ್ಲೆಯ ಪಾರಸನಾಥ ಬೆಟ್ಟ 24 ತೀರ್ಥಂಕರರಲ್ಲಿ 20 ಮಂದಿಯ ನಿರ್ವಾಣಭೂಮಿ. ಶ್ರಾವಕರು ನಸುಕಿಗೂ ಮುನ್ನ ಹೊರಟು, ಬರಿಗಾಲಲ್ಲಿ ಸುಮಾರು 27 ಕಿ.ಮೀ. ನಡೆದು ವಂದನೆ ಮುಗಿಸುವ ಸಿದ್ಧಕ್ಷೇತ್ರವಿದು.

2019ರ ಆಗಸ್ಟ್ 2ರಂದು ಕೇಂದ್ರ ಪರಿಸರ ಸಚಿವಾಲಯ ಇಲ್ಲಿನ ವನ್ಯಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ಉದ್ದೇಶ ಕಾಡಿನ ರಕ್ಷಣೆ. ಆದರೆ ಅದರ 3ನೇ ಖಂಡದಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಅವಕಾಶವಿತ್ತು. ಹೋಟೆಲ್, ಮೋಜು, ಮದ್ಯ–ಮಾಂಸ ಬೆಟ್ಟಕ್ಕೆ ಬರುವ ಆತಂಕ ಸಮಾಜದಲ್ಲಿ ಹಬ್ಬಿತು. 2022ರ ಕೊನೆಗೆ ದೇಶದೆಲ್ಲೆಡೆ ಮೌನ ಮೆರವಣಿಗೆಗಳು ನಡೆದವು. ಉಪವಾಸ ಕೈಗೊಂಡಿದ್ದ ಮುನಿಶ್ರೀ ಸುಜ್ಞೇಯಸಾಗರ ಮಹಾರಾಜರು 2023ರ ಜನವರಿ 3ರಂದು ಜೈಪುರದಲ್ಲಿ ದೇಹತ್ಯಾಗ ಮಾಡಿದರು. ಎರಡು ದಿನಗಳ ನಂತರ ಕೇಂದ್ರ ಸರ್ಕಾರ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಮದ್ಯ ಮಾರಾಟ, ಜೋರು ಸಂಗೀತ, ಅನುಮತಿಯಿಲ್ಲದ ಚಾರಣದ ಮೇಲಿನ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು ರಾಜ್ಯಕ್ಕೆ ಸೂಚಿಸಿತು.

ಇದು ಕೇವಲ ಒಂದು ಬೆಟ್ಟದ ವಿಷಯವಲ್ಲ. ಪ್ರವಾಸೋದ್ಯಮದಿಂದ ಉದ್ಯೋಗ, ಆದಾಯ ಬರುತ್ತದೆ. ದೇಶದ ಪರಂಪರೆ ಜಗತ್ತಿಗೆ ಪರಿಚಯವಾಗುತ್ತದೆ. ಶ್ರವಣಬೆಳಗೊಳದಲ್ಲಿ ಎಲ್ಲ ಮತದವರೂ ಪಾದರಕ್ಷೆ ಬಿಟ್ಟು ವಿಂಧ್ಯಗಿರಿ ಏರುತ್ತಾರೆ. ಬಾಹುಬಲಿ ನಾಡಿನ ಹೆಮ್ಮೆಯೂ ಹೌದು, ಆರಾಧ್ಯನೂ ಹೌದು. ಅಲ್ಲಿ ಪ್ರವಾಸಿ ಕ್ಷೇತ್ರದ ನಿಯಮಕ್ಕೆ ಹೊಂದಿಕೊಂಡಿದ್ದಾನೆ. ಕ್ಷೇತ್ರವೇ ಪ್ರವಾಸಿಯ ಅಭಿರುಚಿಗೆ ಹೊಂದಿಕೊಳ್ಳಬೇಕಾದಾಗ ಸಂಘರ್ಷ ಹುಟ್ಟುತ್ತದೆ. ಸ್ಥಳೀಯ ಸಮಾಜವನ್ನು ಮೊದಲೇ ಕೇಳದೆ ರೂಪಿಸಿದ ಯೋಜನೆ ಕೊನೆಗೆ ಬೀದಿಯಲ್ಲಿ ಚರ್ಚೆಗೆ ಬರುತ್ತದೆ.

ಈ ಮಾತು ಜೈನ ಸಮಾಜಕ್ಕೂ ಅನ್ವಯಿಸುತ್ತದೆ. ಸಂತಾಲ ಆದಿವಾಸಿಗಳಿಗೆ ಇದೇ ಬೆಟ್ಟ 'ಮರಾಂಗ್ ಬುರು', ಅವರ ಪರಮ ದೈವ. 2023ರ ಜನವರಿಯಲ್ಲಿ ಅವರೂ ತಮ್ಮ ಹಕ್ಕಿಗಾಗಿ ಬೀದಿಗಿಳಿದರು. ಬೆಟ್ಟದ ಉಸ್ತುವಾರಿ ಸಮಿತಿಗೆ ಜೈನ ಸಮಾಜದಿಂದ ಇಬ್ಬರನ್ನು, ಸ್ಥಳೀಯ ಬುಡಕಟ್ಟಿನಿಂದ ಒಬ್ಬರನ್ನು ಸೇರಿಸಿಕೊಳ್ಳುವಂತೆ ಕೇಂದ್ರ ಹೇಳಿದ್ದು ಈ ಕಾರಣದಿಂದ ಮುಖ್ಯ. ತಮ್ಮ ಶ್ರದ್ಧೆಗೆ ಗೌರವ ಕೇಳಿದವರು ನೆರೆಯವರ ಶ್ರದ್ಧೆಯನ್ನೂ ಗೌರವಿಸಬೇಕು. ಅನೇಕಾಂತ ಕಲಿಸುವುದೂ ಇದನ್ನೇ.

ಅಂದಿನ ಆದೇಶ ನೀಡಿದ್ದು ತಡೆಯನ್ನು ಮಾತ್ರ. ಇಡೀ ಅಧಿಸೂಚನೆಯನ್ನು ಅದು ರದ್ದುಪಡಿಸಲಿಲ್ಲ. ಕ್ಷೇತ್ರದ ಪಾವಿತ್ರ್ಯ ಕಾಯುವ ಕೆಲಸ ಸರ್ಕಾರದ ಕಾಗದದಲ್ಲಿ ಮುಗಿಯುವುದಿಲ್ಲ. ಯಾತ್ರೆಗೆ ಹೊರಡುವ ಕುಟುಂಬಗಳು ಪ್ಲಾಸ್ಟಿಕ್ ಬಿಸಾಡದೆ, ವಂದನೆಯ ದಾರಿಯನ್ನು ಸೆಲ್ಫಿಯ ತಾಣವಾಗಿಸದೆ, ಡೋಲಿ ಹೊರುವ ಸ್ಥಳೀಯರೊಡನೆ ಸೌಜನ್ಯದಿಂದ ನಡೆದುಕೊಂಡರೆ 'ಇದು ಪ್ರವಾಸವಲ್ಲ, ಯಾತ್ರೆ' ಎಂಬ ವಾದಕ್ಕೆ ಬಲ ಬರುತ್ತದೆ.